ಹೊಸ ರಾಗಿ ತಳಿಗಳನ್ನು ನಮ್ಮ ಹೊಲದಲ್ಲೇ ಪರೀಕ್ಷೆ ಮಾಡೋದು ಹೇಗೆ? ಜಿಪಿಯು-28 ಎದುರು ಎಂಎಲ್-365, ಎಂಆರ್-6, ಕೆಎಂಆರ್-630

ಕೆಮ್ಮಣ್ಣು · ತುರುವೇಕೆರೆ ಕಡೆ · ಜೂನ್ 9

ಎಲ್ಲರಿಗೂ ನಮಸ್ಕಾರ. ನಮ್ಮದು ಖುಷ್ಕಿ ಊರು, ರಾಗಿಯೇ ಮುಖ್ಯ. ಬಹಳ ವರ್ಷದಿಂದ ಎಲ್ಲರೂ ಜಿಪಿಯು-28 ಬಿತ್ತುತ್ತಿದ್ದೇವೆ. ಬೆಂಕಿ ರೋಗದ (ಎಲೆ, ತೆನೆ ಸುಟ್ಟ ಹಾಗೆ ಮಾಡೋ ಶಿಲೀಂಧ್ರ ರೋಗ) ಕಾಟ ಕಡಿಮೆ, ಮೇವೂ ಸಿಗುತ್ತೆ, ಬೈಯೋಕೆ ಕಾರಣ ಇಲ್ಲ. ಆದರೆ ಬಿತ್ತನೆ ಮಳೆ ಒಂದು ವರ್ಷ ಪುನರ್ವಸುವಿಗೆ (ಜುಲೈ) ಬಂದರೆ ಇನ್ನೊಂದು ವರ್ಷ ಆಶ್ಲೇಷಕ್ಕೆ (ಆಗಸ್ಟ್) ಬರುತ್ತೆ. ತಡವಾದ ವರ್ಷ ಇದಕ್ಕಿಂತ ಬೇಗ ಕೊಯ್ಲಿಗೆ ಬರೋದು ಇದ್ದಿದ್ದರೆ ಅನಿಸುತ್ತೆ.

ಈ ಸಲ ಮೂರು ತಳಿಯ ಬೀಜ ಹೊಂದಿಸಿದ್ದೇನೆ. ಎಂಎಲ್-365, ಎಂಆರ್-6, ಕೆಎಂಆರ್-630, ತಲಾ ಎರಡು ಕೆಜಿ. ಒಂದೂವರೆ ಎಕರೆ ಹೊಲ ಇದೆ. ನಾಲ್ಕು ಭಾಗ ಮಾಡಿ, ಮೂರಕ್ಕೆ ಹೊಸದು, ಒಂದಕ್ಕೆ ಜಿಪಿಯು-28 ಹಾಕಿ, ಯಾವುದರಲ್ಲಿ ಮೂಟೆ ಜಾಸ್ತಿ ಬರುತ್ತೋ ಮುಂದಿನ ವರ್ಷ ಅದನ್ನೇ ಹಾಕೋದು ಅಂತ ಯೋಚನೆ. ಇಷ್ಟು ಸಾಕಾ? ಇದಕ್ಕೂ ಒಂದು ಕ್ರಮ ಅಂತ ಇರುತ್ತಾ?

ಹಾರೋಹಳ್ಳಿ ಹುಡುಗ · ಜೂನ್ 9

ಅಣ್ಣ, ಯಾಕೆ ಸುಮ್ನೆ ತಲೆ ಕೆಡಿಸಿಕೊಳ್ತೀರಾ? ಕೃಷಿ ವಿವಿಯವರು ವರ್ಷಗಟ್ಟಲೆ ಪರೀಕ್ಷೆ ಮಾಡಿಯೇ ಬಿಡುಗಡೆ ಮಾಡಿರ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟದ್ದು ಹಾಕಿ, ಮುಗೀತು.

ತಳಿಗಾರ · ನಿವೃತ್ತ, ಬೆಂಗಳೂರು · ಜೂನ್ 9

ಹಾರೋಹಳ್ಳಿಯವರು ಹೇಳಿದ್ದು ಅರ್ಧ ಸರಿ. ಒಂದು ತಳಿ ಹೊರಗೆ ಬರುವ ಮುಂಚೆ ಹಲವು ಕೇಂದ್ರಗಳಲ್ಲಿ ಹಂತ ಹಂತವಾಗಿ ಬೆಳೆದು ನೋಡಿರ್ತಾರೆ. ನಾನು ಅದೇ ಕೆಲಸ ಮಾಡಿದವನು, ಅದರ ಬಗ್ಗೆ ಹಗುರವಾಗಿ ಮಾತಾಡೋದಿಲ್ಲ.

ಆದರೆ ಆ ತಾಕುಗಳು ಹೇಗಿರ್ತವೆ ಅಂತ ಗೊತ್ತಿರಲಿ. ಕೆಲವೇ ಮೀಟರ್ ಉದ್ದ, ಕೆಲವೇ ಸಾಲು. ಒಂದಡಿಗೊಂದು ಸಾಲು, ಹೆಚ್ಚಾದ ಪೈರು ಕಿತ್ತು ಅಂತರ ಸರಿ ಮಾಡಿರ್ತಾರೆ. ಖುಷ್ಕಿ ರಾಗಿಗೆ ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ ಅಂತ ಶಿಫಾರಸು. ಅಲ್ಲಿ ಅದನ್ನು ತೂಕ ಮಾಡಿ ಹಾಕಿರ್ತಾರೆ. ಕಳೆ ಹೊತ್ತಿಗೆ ಸರಿಯಾಗಿ ತೆಗೆಸಿರ್ತಾರೆ. ಅಕ್ಕಡಿ ಸಾಲು (ರಾಗಿ ನಡುವೆ ಬಿತ್ತೋ ಅವರೆ, ತೊಗರಿಯಂಥ ಬೆಳೆ) ಇರೋದಿಲ್ಲ. ನಿಮ್ಮ ಹೊಲದಲ್ಲಿ ಇದರಲ್ಲಿ ಎಷ್ಟು ನಡೆಯುತ್ತೆ ಹೇಳಿ?

ಜೊತೆಗೆ, ತಳಿ ಬಿಡುಗಡೆ ಆಗೋದು ಬಹಳಷ್ಟು ಕಡೆಯ ಸರಾಸರಿ ನೋಡಿ. ಸರಾಸರಿಯಲ್ಲಿ ಮೊದಲು ಬಂದದ್ದು ತುರುವೇಕೆರೆಯ ಮೇಲ್ಹೊಲದಲ್ಲೂ ಮೊದಲು ಬರಬೇಕು ಅಂತೇನಿಲ್ಲ. ಗೊಬ್ಬರ, ನೀರು ಚೆನ್ನಾಗಿದ್ದಾಗ ಒಂದು ತಳಿ ಮುಂದೆ ಹೋಗುತ್ತೆ. ಬಡ ಹೊಲದಲ್ಲಿ ಅದೇ ಹಿಂದೆ ಬಿದ್ದು ಇನ್ನೊಂದು ಕೈ ಹಿಡಿಯುತ್ತೆ. ಹಾಗಾಗಿ ನಿಮ್ಮ ಹೊಲದ ಪರೀಕ್ಷೆ ವಿವಿಯ ಪರೀಕ್ಷೆಗೆ ಎದುರಲ್ಲ. ಅದು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಇದು ಶುರು.

ಇನ್ನು ನಿಮ್ಮ ತಳಿಗಳ ವಿಚಾರ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡ ಹಾಯಿಸಿ ಇಂಡಾಫ್ ತಳಿಗಳನ್ನು ಮಾಡಿದ್ದು ನಿಮಗೆ ಗೊತ್ತೇ ಇದೆ. ರಾಗಿ ಇಳುವರಿ ಎದ್ದು ನಿಂತದ್ದು ಅಲ್ಲಿಂದ. ಇಂಡಾಫ್-5ಕ್ಕೆ ಬೆಂಕಿ ರೋಗದ ತೊಂದರೆ ಇತ್ತು. ಅದಕ್ಕೆ ರೋಗ ತಡೆಯೋ ಐಇ-1012 ಅನ್ನೋ ರಾಗಿಯನ್ನು ಸೇರಿಸಿ ಮುಂದಿನವನ್ನು ಮಾಡಿದರು. ಜಿಪಿಯು-28ರಲ್ಲೂ ಎಂಎಲ್-365ರಲ್ಲೂ ಈ ಎರಡರ ರಕ್ತ ಇದೆ. ಅಂದರೆ ನೀವು ಹೋಲಿಸ್ತಾ ಇರೋದು ಹತ್ತಿರದ ನೆಂಟರನ್ನು. ದೊಡ್ಡ ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯ ಪಡಬೇಡಿ. ಎಂಆರ್-6, ಕೆಎಂಆರ್-630 ಮಾತ್ರ ಎರಡು ತುದಿ. ಮೊದಲನೆಯದು 120 ದಿನ ದಾಟುತ್ತೆ, ಎರಡನೆಯದು 100 ದಿನದ ಆಸುಪಾಸು.

ಲೆಕ್ಕದ ಮೇಷ್ಟ್ರು · ತಿಪಟೂರು · ಜೂನ್ 10

ಕೆಮ್ಮಣ್ಣು ಅವರೇ, ನಾಲ್ಕು ಭಾಗದ ಯೋಜನೆಯಲ್ಲಿ ಒಂದು ತೊಡಕು ಇದೆ. ನಿಮ್ಮ ಒಂದೂವರೆ ಎಕರೆ ಎಲ್ಲ ಕಡೆ ಒಂದೇ ಥರ ಇದೆಯಾ? ಇಳಿಜಾರು ಇದ್ದೇ ಇರುತ್ತೆ. ಕೆಳಗಿನ ಬದುವಿನ ಹತ್ತಿರ ಮಣ್ಣು ಬಂದು ನಿಂತಿರುತ್ತೆ, ತೇವ ಎರಡು ದಿನ ಹೆಚ್ಚು ಇರುತ್ತೆ. ಮೇಲಿನ ತುದಿಯಲ್ಲಿ ಗರಸು. ಕೆಳಗಿನ ಭಾಗಕ್ಕೆ ಯಾವ ತಳಿ ಬಿತ್ತಿದ್ದೀರೋ ಅದೇ ಗೆಲ್ಲುತ್ತೆ. ಗೆದ್ದದ್ದು ಬದುವಿನ ಮಣ್ಣು, ಹೆಸರು ತಳಿಗೆ.

ಪರೀಕ್ಷೆ ಮಾಡಿ ನೋಡಬೇಕು ಅಂದರೆ ಜಿಪಿಯು-28 ಒಂದನ್ನೇ ಎರಡು ಕಡೆ ಬಿತ್ತಿ, ಬೇರೆ ಬೇರೆ ಕೊಯ್ದು ತೂಗಿ. ಅದೇ ಬೀಜ, ಅದೇ ದಿನ, ಅದೇ ಗೊಬ್ಬರ. ಆದರೂ ಎರಡೂ ಒಂದೇ ಬರೋದಿಲ್ಲ. ಎಷ್ಟು ವ್ಯತ್ಯಾಸ ಬಂತೋ ಅದು ನಿಮ್ಮ ಹೊಲದ ಗಲಾಟೆ. ತಳಿಗಳ ನಡುವಿನ ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ನಂಬಬೇಕು.

ಇಳುವರಿ ಅಂದಾಜಿಗೆ ಸರ್ಕಾರದವರು ಮಾಡೋ ಬೆಳೆ ಕಟಾವು ಪ್ರಯೋಗದಲ್ಲಿ ಐದು ಮೀಟರಿಗೆ ಐದು ಮೀಟರ್ ಚೌಕ ಹಾಕ್ತಾರೆ, ನೋಡಿರ್ತೀರಿ. ಅದು 25 ಚದರ ಮೀಟರ್. ಅದರಲ್ಲಿ ಒಂದು ಕೆಜಿ ಹೆಚ್ಚು ಕಡಿಮೆ ಆದರೆ ಎಕರೆಗೆ ಸುಮಾರು 162 ಕೆಜಿ ಹೆಚ್ಚು ಕಡಿಮೆ. ಒಂದರಲ್ಲಿ 8 ಕೆಜಿ, ಪಕ್ಕದ್ದರಲ್ಲಿ 9 ಕೆಜಿ ಬಂತು ಅಂದುಕೊಳ್ಳಿ. ಎಕರೆ ಲೆಕ್ಕದಲ್ಲಿ 13 ಕ್ವಿಂಟಾಲಿಗೂ ಹದಿನಾಲ್ಕೂವರೆಗೂ ಇರೋ ಅಂತರ. ಕೇಳೋಕೆ ದೊಡ್ಡದು. ಆದರೆ ಆ ಒಂದು ಕೆಜಿ ಒಂದು ಇರುವೆ ಗೂಡಿಂದಲೂ ಬರಬಹುದು, ಮೊದಲು ಸಗಣಿ ಗುಡ್ಡೆ ಹಾಕಿದ್ದ ಜಾಗದಿಂದಲೂ ಬರಬಹುದು.

ಪರಿಹಾರ ಸುಲಭ. ತಾಕು ಉದ್ದುದ್ದ ಪಟ್ಟಿ ಮಾಡಿ, ಇಳಿಜಾರಿನ ಮೇಲಿಂದ ಕೆಳಗಿನವರೆಗೆ. ಆಗ ಪ್ರತಿ ತಳಿಗೂ ಗರಸೂ ಸಿಗುತ್ತೆ, ಒಳ್ಳೇ ಮಣ್ಣೂ ಸಿಗುತ್ತೆ. ಯಾವ ಪಟ್ಟಿಗೆ ಯಾವ ತಳಿ ಅಂತ ಚೀಟಿ ಎತ್ತಿ. ಬದುವಿನ ಪಕ್ಕದ ಸಾಲು, ಹೊಂಗೆ ಮರದ ನೆರಳು ಲೆಕ್ಕಕ್ಕೆ ಬೇಡ.

ಕೆಮ್ಮಣ್ಣು · ಜೂನ್ 10

ಮೇಷ್ಟ್ರೇ, ಇಳಿಜಾರಿಗೆ ಉದ್ದಕ್ಕೆ ಕೂರಿಗೆ ಹೊಡೆದರೆ ಮಳೆ ನೀರು ಸಾಲಲ್ಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತಲ್ಲ? ನಾವು ಅಡ್ಡಕ್ಕೇ ಬಿತ್ತೋದು.

ಲೆಕ್ಕದ ಮೇಷ್ಟ್ರು · ಜೂನ್ 10

ಪಟ್ಟಿ ಉದ್ದಕ್ಕೆ ಇರಲಿ, ಸಾಲು ಅಡ್ಡಕ್ಕೇ ಇರಲಿ. ಪ್ರತಿ ಪಟ್ಟಿ ಹತ್ತು ಹದಿನೈದು ಅಡಿ ಅಗಲ. ಬಿತ್ತುವವರಿಗೆ ತಿರುಗಿಸೋ ಕೆಲಸ ಜಾಸ್ತಿ ಆಗುತ್ತೆ, ನಿಜ. ಚಿಕ್ಕ ತಾಕು ಆದ್ದರಿಂದ ಕೈಯಲ್ಲೇ ಸಾಲು ಎಳೆದು ಬೀಜ ಬಿಡಬಹುದು.

ಹಾರೋಹಳ್ಳಿ ಹುಡುಗ · ಜೂನ್ 10

ಚೀಟಿ ಎತ್ತೋದು, ಕೈಯಲ್ಲಿ ಬಿತ್ತೋದು... ಮತ್ತೆ ಇದು ವಿವಿಯ ತಾಕೇ ಆಯ್ತಲ್ಲ ಸಾರ್? ರೈತರ ಹೊಲ ಎಲ್ಲಿ ಬಂತು?

ಬಿಹಾರವಾಸಿ · ಜೂನ್ 11

ಹಾರೋಹಳ್ಳಿಯವರ ಪ್ರಶ್ನೆ ಒಳ್ಳೆಯದು. ನಾನು ಧಾರವಾಡದವನು, ಕೆಲಸದ ಮೇಲೆ ಬಿಹಾರದಲ್ಲಿ ಇದ್ದೇನೆ. ಇಲ್ಲಿ ಗೋಧಿ ತಳಿಗಳನ್ನು ರೈತರಿಂದಲೇ ಪರೀಕ್ಷೆ ಮಾಡಿಸಿದ ಕ್ರಮ ಹೇಳ್ತೇನೆ, ಉಪಯೋಗಕ್ಕೆ ಬರಬಹುದು.

ಪ್ರತಿ ರೈತರಿಗೆ ಮೂರೇ ತಳಿಯ ಚಿಕ್ಕ ಪೊಟ್ಟಣ ಕೊಡ್ತಾರೆ. ಮೇಲೆ ಹೆಸರು ಇರಲ್ಲ. ಅ, ಬ, ಕ ಅಂತ ಅಷ್ಟೇ. ಪಕ್ಕದ ಮನೆಯವರಿಗೆ ಬೇರೆ ಮೂರು. ಎಲ್ಲರೂ ತಮ್ಮ ರೂಢಿಯಂತೆ ಬೆಳೆಯುತ್ತಾರೆ. ತೂಕದ ಗೊಡವೆ ಇಲ್ಲ. ಪ್ರತಿ ಗುಣಕ್ಕೂ ಪ್ರಶ್ನೆ ಎರಡೇ: ಮೂರರಲ್ಲಿ ಯಾವುದು ಚೆನ್ನ, ಯಾವುದು ಕಳಪೆ. ಬೇಗ ಬಂದದ್ದು ಯಾವುದು, ತಡವಾದದ್ದು ಯಾವುದು. ಕೊನೆಗೆ ಕೊಳ್ಳೋದಾದರೆ ಯಾವುದು. ಎಲ್ಲರ ಉತ್ತರ ಸೇರಿಸಿದರೆ ಇಡೀ ಪಟ್ಟಿಯ ಸ್ಥಾನಮಾನ ಸಿಗುತ್ತೆ. ಯಾಕೊಪ್ ವ್ಯಾನ್ ಎಟನ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ಇದನ್ನು ಬೆಳೆಸಿದ್ದು. ನಿಕರಾಗುವಾದಲ್ಲಿ ಹುರುಳಿಕಾಯಿ ಬೀಜ, ಇಥಿಯೋಪಿಯದಲ್ಲಿ ಗಟ್ಟಿ ಗೋಧಿ, ಭಾರತದಲ್ಲಿ ಗೋಧಿ, ಒಟ್ಟು 12,409 ತಾಕುಗಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದರು. ಅದಕ್ಕೆ ಹವಾಮಾನದ ಲೆಕ್ಕ ಜೋಡಿಸಿ, ಯಾವ ಥರದ ವರ್ಷಕ್ಕೆ ಯಾವ ತಳಿ ಅಂತ ಬಿಡಿಸಿ ನೋಡಿದರು.

ಇಲ್ಲಿ ಒಬ್ಬ ರೈತರ ಹೊಲ ಏರುಪೇರಾಗಿದ್ದರೂ ನಡೆಯುತ್ತೆ. ಬಹಳ ಹೊಲ ಇರೋದರಿಂದ ಒಬ್ಬರ ಇರುವೆ ಗೂಡು ಇನ್ನೊಬ್ಬರ ಸಗಣಿ ಗುಡ್ಡೆಗೆ ವಜಾ ಆಗಿಬಿಡುತ್ತೆ.

ಲೆಕ್ಕದ ಮೇಷ್ಟ್ರು · ಜೂನ್ 11

ಬಹಳ ಹೊಲ ಇದ್ದಾಗ! ಇವರ ಹತ್ತಿರ ಎಷ್ಟು ಜನ ಸೇರ್ತಾರೆ ಅನ್ನೋದೇ ಪ್ರಶ್ನೆ. ಜೊತೆಗೆ "ಇದು ಅದಕ್ಕಿಂತ ಚೆನ್ನ" ಅಂದರೆ ಎಷ್ಟು ಚೆನ್ನ ಅಂತ ಗೊತ್ತಾಗಲ್ಲ. ಅರ್ಧ ಮೂಟೆನೋ, ಮೂರು ಮೂಟೆನೋ?

ಬಿಹಾರವಾಸಿ · ಜೂನ್ 11

ಒಪ್ಪಿದೆ. ಅದಕ್ಕೆ ಇನ್ನೊಂದು ದಾರಿ ಇದೆ. 1990ರ ದಶಕದಲ್ಲಿ ಮಲಾವಿಯಲ್ಲಿ ಸೀಗ್ಲಿಂಡ್ ಸ್ನ್ಯಾಪ್ ಶುರು ಮಾಡಿದ ತಾಯಿ-ಮಗು ಪ್ರಯೋಗ. ಊರಲ್ಲಿ ಒಂದು ಕಡೆ ಎಲ್ಲ ತಳಿಯೂ ಇರೋ ದೊಡ್ಡ ತಾಕು, ಅದು ತಾಯಿ. ಸುತ್ತಲಿನ ರೈತರ ಹೊಲದಲ್ಲಿ ಒಂದೆರಡು ತಳಿ ಮಾತ್ರ ಇರೋ ಚಿಕ್ಕ ತಾಕುಗಳು, ಅವು ಮಕ್ಕಳು. ತಾಯಿಯಲ್ಲಿ ತೂಕ, ಮಕ್ಕಳಲ್ಲಿ ಅಭಿಪ್ರಾಯ. ನಿಮ್ಮೂರಿಗೆ ಇದೇ ಹೊಂದುತ್ತೆ.

ತಳಿಗಾರ · ಜೂನ್ 12

ಇದು ನಮಗೆ ಹೊಸದೇನಲ್ಲ. ಬೆಂಗಳೂರು ಕೃಷಿ ವಿವಿಯವರು ವೇಲ್ಸ್ ದೇಶದ ಬ್ಯಾಂಗೋರ್ ವಿವಿಯ ವಿಟ್‌ಕೂಂಬ್, ವಿರ್ಕ್ ಜೊತೆ ಸೇರಿ ರಾಗಿಯಲ್ಲೇ ರೈತರ ಪಾಲುದಾರಿಕೆಯ ಕೆಲಸ ಮಾಡಿ, 2000ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ.

ರೈತರಿಗೆ ತಳಿ ಆರಿಸೋಕೆ ಬರುತ್ತಾ ಅಂತ ಅನುಮಾನ ಇದ್ದವರಿಗೆ ಒಂದು ಮಾತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ 1983ರಲ್ಲಿ ಪಟೇಲ್-3 ಭತ್ತದ ಗದ್ದೆಯಲ್ಲಿ ಬೇರೆ ಥರ ಕಂಡ ತೆನೆಗಳನ್ನು ಎತ್ತಿಟ್ಟು, ಬಿತ್ತಿ ಬಿತ್ತಿ ನೋಡಿದರು. ಅದೇ ಎಚ್‌ಎಂಟಿ ಅಕ್ಕಿ. ಅಂಗಡಿಯಲ್ಲಿ ನೀವು ಕೊಂಡಿರ್ತೀರಿ.

ಗುಳಿ ರಾಗಿ · ಹಾವೇರಿ · ಜೂನ್ 12

ನಮ್ಮ ಕಡೆ ಗುಳಿ ರಾಗಿ. ಒಂದೂವರೆ ಅಡಿ ಚೌಕಕ್ಕೆ ಗುಳಿ ತೋಡಿ ನಾಟಿ ಮಾಡ್ತೇವೆ. ಸಸಿ ಎದ್ದ ಮೇಲೆ ಕೊರಡು ಎಳೆದು ಬಗ್ಗಿಸಿದರೆ ತೆಂಡೆ (ಬುಡದಿಂದ ಬರೋ ಮರಿ ಕವಲು) ಒಡೆಯುತ್ತೆ. ಈ ಪದ್ಧತಿಯಲ್ಲಿ ತೆಂಡೆ ಜಾಸ್ತಿ ಹೊಡೆಯೋ ತಳಿ ಬೇಕು. ಕೂರಿಗೆ ಸಾಲಲ್ಲಿ ದಟ್ಟವಾಗಿ ಬೆಳೆದು ಗೆದ್ದ ತಳಿ ನಮ್ಮಲ್ಲೂ ಗೆಲ್ಲುತ್ತೆ ಅಂತ ಹೇಗೆ ನಂಬೋದು? ಯಾರೇ ಫಲಿತಾಂಶ ಹಾಕಿದರೂ ಹೇಗೆ ಬಿತ್ತಿದ್ದು ಅಂತ ಮೊದಲು ಬರೀರಿ.

ಅಜ್ಜಿಮನೆ · ಚನ್ನರಾಯಪಟ್ಟಣ · ಜೂನ್ 12

ಇಷ್ಟು ಹೊತ್ತಾದರೂ ಯಾರೂ ಅಕ್ಕಡಿ ಸಾಲಿನ ಮಾತು ನೆಟ್ಟಗೆ ಎತ್ತಲಿಲ್ಲ. ತಳಿಗಾರ ಸರ್ ಒಂದು ಸಾಲಲ್ಲಿ ಹೇಳಿ ಬಿಟ್ಟರು.

ನಮ್ಮ ಮನೆಯಲ್ಲಿ ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ. ಕೆಲವು ಸಾಲಿಗೊಂದು ಅವರೆ, ನಡುವೆ ತೊಗರಿ, ಬದುವಿನ ಕಡೆ ಹುಚ್ಚೆಳ್ಳು, ಜೋಳ. ರಾಗಿ ಕೊಯ್ದ ಮೇಲೆ ಅವರೆ ಹರಡಿಕೊಳ್ಳುತ್ತೆ, ಸೊಗಡಿನ ಕಾಯಿ ಬರುತ್ತೆ. ಎತ್ತರ ಬೆಳೆದು ಹೊದ್ದುಕೊಳ್ಳೋ ರಾಗಿ ಅವರೆ ಬಳ್ಳಿಯನ್ನು ಮೇಲೇಳೋಕೆ ಬಿಡಲ್ಲ. ತಡವಾಗಿ ಬರೋ ರಾಗಿ ಆದರೆ ಅವರೆ ಹೂವಿಗೆ ಬರೋ ಹೊತ್ತಿಗೆ ಇನ್ನೂ ನಿಂತಿರುತ್ತೆ, ಕೊಯ್ಯುವಾಗ ಬಳ್ಳಿ ತುಳಿದು ಹಾಳು. ಹಾಗಾಗಿ ಬರೀ ರಾಗಿ ತೂಗಿ ಈ ತಳಿ ಗೆದ್ದಿತು ಅಂದರೆ ನಾನು ಒಪ್ಪಲ್ಲ. ಆ ಹೊಲದಿಂದ ಬಂದದ್ದೆಲ್ಲ ತೂಗಿ. ರಾಗಿ, ಅವರೆ, ಹುಲ್ಲು, ಎಲ್ಲ.

ಹುಲ್ಲನ್ನು ತೂಗಿದರೂ ಸಾಲದು. ಗೊಂತಿನಲ್ಲಿ ಬೇರೆ ಬೇರೆ ಹಾಕಿ ನೋಡಿ. ಕೆಲವು ತಳಿಯ ದಂಟು ದಪ್ಪ, ಹಸು ತುದಿ ಮೇದು ಬುಡ ಬಿಡುತ್ತೆ. ಬಿಟ್ಟದ್ದನ್ನು ಬಾಚಿ ತಿಪ್ಪೆಗೆ ಹಾಕೋರು ನಾವು, ನಮಗೆ ಗೊತ್ತಾಗುತ್ತೆ.

ಮತ್ತೆ ಮುದ್ದೆ. ಅದಕ್ಕೂ ಪರೀಕ್ಷೆ ಇಡಿ. ಆದರೆ ಕೊಯ್ಲಾದ ಕೂಡಲೇ ಬೇಡ. ಹೊಸ ರಾಗಿ ಮುದ್ದೆ ಬೇರೆ, ಕೆಲವು ತಿಂಗಳು ಕಳೆದ ಮೇಲೆ ಬೇರೆ.

ಕೆಮ್ಮಣ್ಣು · ಜೂನ್ 14

ಅಕ್ಕ, ನೀವು ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನಮ್ಮಮ್ಮ "ಈಗಲಾದರೂ ಯಾರೋ ಹೇಳಿದರಲ್ಲ" ಅಂದರು.

ಊರಲ್ಲಿ ಮಾತಾಡಿದೆ. ನನ್ನನ್ನು ಸೇರಿಸಿ ಎಂಟು ಜನ ಒಪ್ಪಿದ್ದಾರೆ. ಮೂರು ಮೂರು ತಳಿ ಹೇಗೆ ಹಂಚಲಿ?

ಲೆಕ್ಕದ ಮೇಷ್ಟ್ರು · ಜೂನ್ 14

ಎಂಟು ಜನ ಅಂದರೆ ಲೆಕ್ಕ ಸರಿಯಾಗಿ ಕೂರುತ್ತೆ. ಜಿಪಿಯು-28 ಸೇರಿ ನಾಲ್ಕು ತಳಿ. ನಾಲ್ಕರಲ್ಲಿ ಮೂರನ್ನು ನಾಲ್ಕು ಥರ ಆರಿಸಬಹುದು, ಅಂದರೆ ಪ್ರತಿ ಸಲ ಒಂದನ್ನು ಬಿಡೋದು. ಪ್ರತಿ ಥರ ಇಬ್ಬರಿಗೆ ಕೊಡಿ. ಒಟ್ಟು 24 ತಾಕು. ಪ್ರತಿ ತಳಿ ಆರು ಹೊಲದಲ್ಲಿ ಇರುತ್ತೆ. ಯಾವುದೇ ಎರಡು ತಳಿ ನಾಲ್ಕು ಹೊಲದಲ್ಲಿ ಎದುರುಬದುರು ಆಗ್ತವೆ.

ತಾಕು ಒಂದು ಗುಂಟೆ ಸಾಕು, 33 ಅಡಿ ಚೌಕ. ಎಕರೆಗೆ ಐದು ಕೆಜಿ ಬೀಜದ ಲೆಕ್ಕದಲ್ಲಿ ಗುಂಟೆಗೆ 125 ಗ್ರಾಂ. ನಿಮ್ಮ ಎರಡು ಕೆಜಿಯಲ್ಲಿ ಎಲ್ಲರಿಗೂ ಹಂಚಿ, ನಿಮ್ಮ ಹೊಲದಲ್ಲಿ ಮಾಡೋ ದೊಡ್ಡ ತಾಯಿ ತಾಕಿಗೂ ಉಳಿಯುತ್ತೆ. ಜಿಪಿಯು-28 ಬೀಜ ಮಾತ್ರ ಮನೆಯ ಹಳೇ ಬೀಜ ಬೇಡ. ಹೊಸ ತಳಿಗೆ ಹೊಸ ಬೀಜ, ಹಳೇ ತಳಿಗೆ ನುಸಿ ತಿಂದ ಬೀಜ ಅಂದರೆ ಪರೀಕ್ಷೆ ಶುರುವಾಗುವ ಮುಂಚೆಯೇ ಸೋತಿರುತ್ತೆ.

ಹಾರೋಹಳ್ಳಿ ಹುಡುಗ · ಜೂನ್ 14

ಪೊಟ್ಟಣದ ಮೇಲೆ ಹೆಸರು ಹಾಕಬೇಡಿ ಅಣ್ಣ. ಹೊಸದು ಅಂತ ಗೊತ್ತಾದರೆ ನಮ್ಮ ಜನ ಅದಕ್ಕೆ ಒಂದು ಮಂಕರಿ ಗೊಬ್ಬರ ಹೆಚ್ಚು ಹಾಕ್ತಾರೆ. ನಾನಾದರೂ ಹಾಕ್ತೇನೆ.

ಕಾಲುವೆ ಕೊನೆ · ಮಳವಳ್ಳಿ · ಜೂನ್ 15

ಒಂದೇ ದಿನ ಬಿತ್ತೋದಾ? ನಮ್ಮ ಭತ್ತದಲ್ಲಿ ಇದೇ ಜಗಳ. ವಿಶ್ವೇಶ್ವರಯ್ಯ ನಾಲೆಯ ತಲೆ ಭಾಗದವರು ಹೊತ್ತಿಗೆ ಸರಿಯಾಗಿ ನಾಟಿ ಮಾಡಿ ದೀರ್ಘಾವಧಿ ತಳಿ ಚೆನ್ನ ಅಂತಾರೆ. ಕೊನೇ ಭಾಗದ ನಮಗೆ ನೀರು ಬರೋ ಹೊತ್ತಿಗೆ ಅವರ ಪೈರು ಹಸಿರಾಗಿರುತ್ತೆ. ಅದೇ ತಳಿ ಹಾಕಿದರೆ ಹೂ ಬಿಡೋ ಹೊತ್ತಿಗೆ ಚಳಿ, ಜೊಳ್ಳು. ತಳಿಯನ್ನು ದಿನಾಂಕ ಬಿಟ್ಟು ಮಾತಾಡೋದೇ ತಪ್ಪು.

ತಳಿಗಾರ · ಜೂನ್ 15

ಸರಿಯಾದ ಮಾತು. ಜುಲೈ ಮೊದಲಲ್ಲಿ ನಾಲ್ಕನ್ನೂ ಬಿತ್ತಿದರೆ ಎಂಆರ್-6ಕ್ಕೆ ಅನುಕೂಲ. ಆಗಸ್ಟ್ ಮಧ್ಯಕ್ಕೆ ಬಿತ್ತಿದರೆ ಅದು ಸೋಲುತ್ತೆ, ಕೆಎಂಆರ್-630 ಬದುಕುತ್ತೆ. ಕೆಮ್ಮಣ್ಣು ಅವರೇ, ಮಕ್ಕಳ ತಾಕುಗಳನ್ನು ಅವರವರ ಮಳೆಗೆ ಬಿತ್ತಲಿ ಬಿಡಿ. ಒಂದೇ ಹೊಲದ ಮೂರು ತಾಕು ಒಂದೇ ದಿನ ಆದರೆ ಸಾಕು. ನಿಮ್ಮ ದೊಡ್ಡ ತಾಕನ್ನು ಎರಡು ಹೊತ್ತಿಗೆ ಬಿತ್ತಿ, ಮೊದಲ ಮಳೆಗೆ ಒಂದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು. ನಿಮ್ಮ ಮೂಲ ಪ್ರಶ್ನೆ ಇದ್ದದ್ದೇ ತಡವಾದ ವರ್ಷದ್ದು ಅಲ್ವಾ?

ಅಜ್ಜಿಮನೆ · ಅಕ್ಟೋಬರ್ 3

ಕೆಮ್ಮಣ್ಣು ಎಲ್ಲಿ ಹೋದರು? ರಾಗಿ ತೆನೆ ಬಿಟ್ಟಿರಬೇಕಲ್ಲ.

ಕೆಮ್ಮಣ್ಣು · ಅಕ್ಟೋಬರ್ 4

ಇದ್ದೇನೆ ಅಕ್ಕ, ಹಕ್ಕಿ ಕಾಯ್ತಾ ಇದ್ದೇನೆ! ಕೆಎಂಆರ್-630 ಎಲ್ಲಕ್ಕಿಂತ ಮುಂಚೆ ಹಾಲು ಕಟ್ಟಿತು. ಸುತ್ತ ಎಲ್ಲ ಹಸಿರು, ಇದೊಂದೇ ಗುಂಟೆ ಹಣ್ಣಾಗ್ತಾ ಇದೆ. ಊರಿನ ಗುಬ್ಬಿ, ಗಿಣಿ ಎಲ್ಲ ಇಲ್ಲೇ. ಮೂವರ ಹೊಲದಲ್ಲಿ ಹೀಗೇ. ಹಳೇ ಕ್ಯಾಸೆಟ್ ಟೇಪು ಕಟ್ಟಿದೆ, ಎರಡು ದಿನ ಹೆದರಿದವು, ಆಮೇಲೆ ಅದರ ಮೇಲೇ ಕೂತವು. ಇದನ್ನು ತಳಿಯ ದೋಷ ಅಂತ ಬರೆದುಕೊಳ್ಳಬೇಕಾ?

ತಳಿಗಾರ · ಅಕ್ಟೋಬರ್ 4

ಬೇಡ. ಅದು ಚಿಕ್ಕ ತಾಕಿನ ದೋಷ. ಊರೆಲ್ಲ ಅದನ್ನೇ ಬಿತ್ತಿದರೆ ಹಕ್ಕಿ ಹಂಚಿಹೋಗುತ್ತೆ, ಒಬ್ಬರಿಗೆ ಬೀಳೋ ಪೆಟ್ಟು ಕಡಿಮೆ. ಅದೇ ಕಾರಣಕ್ಕೆ ಬೇಗ ಬರೋ ತಳಿಗಳು ಚಿಕ್ಕ ಪರೀಕ್ಷೆಗಳಲ್ಲಿ ಯಾವಾಗಲೂ ಸ್ವಲ್ಪ ಕಳೆದುಕೊಳ್ತವೆ. ಈಗಲೇ ಪ್ರತಿ ತಾಕಿನ ನಡುವೆ ಕೆಲವು ತೆನೆಗೆ ಸೊಳ್ಳೆ ಪರದೆ ಬಟ್ಟೆಯ ಚೀಲ ಕಟ್ಟಿ. ಚೀಲದೊಳಗಿನ ತೆನೆ, ಹೊರಗಿನ ತೆನೆ ಎರಡನ್ನೂ ತೂಗಿದರೆ ಹಕ್ಕಿ ತಿಂದದ್ದು ಎಷ್ಟು ಅಂತ ಅಂದಾಜು ಸಿಗುತ್ತೆ.

ಗುಳಿ ರಾಗಿ · ನವೆಂಬರ್ 20

ಒಂದು ಎಚ್ಚರಿಕೆ. ಒಕ್ಕಣೆ ರಸ್ತೆಯ ಮೇಲೆ ಮಾಡೋದಾದರೆ ಒಬ್ಬರದು ಗುಡಿಸಿ ಆದ ಮೇಲೆ ಇನ್ನೊಬ್ಬರದು ಹಾಕಿ. ರಾಗಿ ಕಾಳು ಡಾಂಬರಿನ ಸಂದಿಯಲ್ಲಿ ಉಳಿದುಬಿಡುತ್ತೆ. ಮುಂದಿನ ವರ್ಷ ಬೀಜಕ್ಕೆ ಇಡೋದನ್ನು ರಸ್ತೆಗೆ ಹಾಕಲೇಬೇಡಿ, ಟಾರ್ಪಾಲಿನ ಮೇಲೆ ಕೋಲಲ್ಲಿ ಬಡಿಯಿರಿ. ರಾಗಿ ತನ್ನಷ್ಟಕ್ಕೆ ತಾನೇ ಪರಾಗ ಕಟ್ಟೋ ಬೆಳೆ, ಹೊಲದಲ್ಲಿ ಕಲಬೆರಕೆ ಕಡಿಮೆ. ಕೆಡೋದು ಕಣದಲ್ಲಿ.

ಕೆಮ್ಮಣ್ಣು · ಜನವರಿ 18

ಎಲ್ಲ ಮುಗೀತು. ಹೇಗೆ ಬಿತ್ತಿದ್ದು ಅಂತ ಮೊದಲು ಹೇಳ್ತೇನೆ, ಗುಳಿ ರಾಗಿಯವರ ಅಪ್ಪಣೆ. ಆರು ಜನ ಕೂರಿಗೆ, ಇಬ್ಬರು ಚೆಲ್ಲಿ ಬಿತ್ತಿದ್ದು. ಅಕ್ಕಡಿ ಸಾಲು ಎಲ್ಲರದರಲ್ಲೂ ಇತ್ತು. ಗೊಬ್ಬರ ಅವರವರ ಶಕ್ತಿ.

ಎಂಟರಲ್ಲಿ ಆರು ಹೊಲದ ಲೆಕ್ಕ ಸಿಕ್ಕಿದೆ. ಒಂದು ಹೊಲಕ್ಕೆ ಹಂದಿ ನುಗ್ಗಿತು. ಇನ್ನೊಬ್ಬರು ಮೂರು ತಾಕಿನ ಹೊರೆಗೆ ಮೂರು ಬಣ್ಣದ ಹಳೇ ಸೀರೆ ಚೂರು ಕಟ್ಟಿದ್ದರು, ಮೆದೆ ಹಾಕೋಕೆ ಬಂದವರು ಅದನ್ನು ಬಿಚ್ಚಿ ತಲೆಗೆ ಸುತ್ತಿಕೊಂಡರು.

ಮಳೆ ಚಿತ್ತೆಗೇ (ಅಕ್ಟೋಬರ್) ನಿಂತುಹೋಯಿತು. ಮೇಲ್ಹೊಲದ ನಾಲ್ವರಲ್ಲಿ ಎಂಆರ್-6 ಸಿಕ್ಕಿದವರೆಲ್ಲ ಅದನ್ನು ಕಳಪೆ ಅಂದರು. ಕಾಳು ತುಂಬೋ ಹೊತ್ತಿಗೆ ತೇವ ಇರಲಿಲ್ಲ. ಕೆರೆ ಹಿಂದಿನ ತಗ್ಗು ಹೊಲದ ಇಬ್ಬರು ಮಾತ್ರ ಅದನ್ನೇ ಮೊದಲು ಇಟ್ಟಿದ್ದಾರೆ. ಕಾಳೂ ಚೆನ್ನ, ಹುಲ್ಲು ಎಲ್ಲಕ್ಕಿಂತ ಜಾಸ್ತಿ. ಅವರಿಬ್ಬರ ಮನೆಯಲ್ಲೂ ಹಸು ಜಾಸ್ತಿ ಇವೆ.

ಎಂಎಲ್-365, ಜಿಪಿಯು-28 ವಿಷಯದಲ್ಲಿ ತಳಿಗಾರ ಸರ್ ಹೇಳಿದ ಹಾಗೇ ಆಯ್ತು. ತೂಕದಲ್ಲಿ ಕೆಲವು ಕಡೆ ಇದು ಮುಂದೆ, ಕೆಲವು ಕಡೆ ಅದು. ನನ್ನ ಹೊಲದಲ್ಲಿ ಜಿಪಿಯು-28 ಎರಡು ಕಡೆ ಬಿತ್ತಿದ್ದೆನಲ್ಲ, ಆ ಎರಡರ ನಡುವಿನ ಅಂತರವೇ ಇವೆರಡರ ಅಂತರಕ್ಕಿಂತ ದೊಡ್ಡದು. ಮೇಷ್ಟ್ರು ಖುಷಿ ಪಡಬಹುದು. ಆದರೆ ಎಂಎಲ್-365 ಕೆಲವು ದಿನ ಮುಂಚೆ ಕೊಯ್ಲಿಗೆ ಬಂತು. ಅವರೆ ಬಳ್ಳಿಗೆ ಜಾಗ ಬೇಗ ಸಿಕ್ಕಿತು ಅಂತ ಮೂವರು ಹೇಳಿದರು. ಯಾವ ಪೊಟ್ಟಣ ಯಾವುದು ಅಂತ ಅವರಿಗೆ ಆಗ ಗೊತ್ತಿರಲಿಲ್ಲ.

ತಡವಾಗಿ ಬಿತ್ತಿದ ತಾಕಲ್ಲಿ ಕೆಎಂಆರ್-630 ಒಂದೇ ಕಾಳು ತುಂಬಿದ್ದು. ಮಿಕ್ಕವು ಮುಕ್ಕಾಲು ಜೊಳ್ಳು. ಹಕ್ಕಿ ತಿಂದದ್ದು ಬಿಟ್ಟೂ ಅದೇ ಮುಂದೆ.

ಲೆಕ್ಕದ ಮೇಷ್ಟ್ರು · ಜನವರಿ 18

ಖುಷಿ ಪಟ್ಟೆ. ಆದರೆ ಇದು ಒಂದು ವರ್ಷದ ಮಾತು. 2021ರ ನವೆಂಬರ್ ನೆನಪಿದೆಯಾ? ಕೊಯ್ದು ಅರಿ ಹಾಕಿದ್ದ ರಾಗಿ ಮಳೆಗೆ ಸಿಕ್ಕಿ ತೆನೆಯಲ್ಲೇ ಮೊಳೆಯಿತು. ಆ ವರ್ಷ ಈ ಪರೀಕ್ಷೆ ಮಾಡಿದ್ದರೆ ಬೇಗ ಬಂದದ್ದೇ ಸೋಲುತ್ತಿತ್ತು. 2022ರಲ್ಲಿ ಸುರಿದದ್ದೇ ಸುರಿದದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ. ಮೂರು ವರ್ಷಕ್ಕೂ ಬೇರೆ ಬೇರೆ ಗೆಲುವು ಬರುತ್ತಿತ್ತೇನೋ. ಇನ್ನೆರಡು ವರ್ಷ ಮಾಡಿ.

ಹಾರೋಹಳ್ಳಿ ಹುಡುಗ · ಜನವರಿ 19

ಮೇಷ್ಟ್ರೇ, ಮೂರು ವರ್ಷ ಕಾಯೋದಕ್ಕೆ ರೈತರಿಗೆ ಆಗಲ್ಲ. ಈ ವರ್ಷ ಏನು ಬಿತ್ತಬೇಕು ಅಂತ ಈ ವರ್ಷವೇ ಹೇಳಬೇಕು.

ಕೆಮ್ಮಣ್ಣು · ಜನವರಿ 19

ನಾನು ಹೀಗೆ ಮಾಡ್ತೇನೆ ತಮ್ಮ. ಮುಖ್ಯ ಹೊಲಕ್ಕೆ ಅರ್ಧ ಜಿಪಿಯು-28, ಅರ್ಧ ಎಂಎಲ್-365. ಕೆಎಂಆರ್-630 ಬೀಜ ಮನೆಯಲ್ಲಿ ಇಟ್ಟಿರ್ತೇನೆ. ಆಗಸ್ಟ್ ಬಂದರೂ ಹದ ಮಳೆ ಆಗದಿದ್ದರೆ ಅದು. ಎಂಆರ್-6 ತಗ್ಗು ಹೊಲದ ಆ ಇಬ್ಬರಿಗೇ ಕೊಟ್ಟುಬಿಟ್ಟೆ. ಗುಂಟೆ ತಾಕುಗಳ ಪರೀಕ್ಷೆ ಪಕ್ಕದಲ್ಲಿ ನಡೀತಾ ಇರುತ್ತೆ, ಅದಕ್ಕೇನು ಹೆಚ್ಚು ಖರ್ಚಿಲ್ಲ.

ಅಜ್ಜಿಮನೆ · ಮಾರ್ಚ್ 30

ಮುದ್ದೆ?

ಕೆಮ್ಮಣ್ಣು · ಮಾರ್ಚ್ 31

ನಿನ್ನೆ ಆಯ್ತು ಅಕ್ಕ! ನಾಲ್ಕು ತಳಿ ಬೇರೆ ಬೇರೆ ಬೀಸಿಸಿದ್ದು. ಗಿರಣಿಯವರು ಪ್ರತಿ ಸಲ ಮೊದಲ ಹಿಡಿ ಹಿಟ್ಟು ಬೇರೆ ತೆಗೆದರು, ಹಿಂದಿನದು ಸೇರದಿರಲಿ ಅಂತ. ತೊಳಸಿದ್ದು ನಮ್ಮಮ್ಮ ಒಬ್ಬರೇ. ಬೇರೆ ಬೇರೆ ಕೈ ಆದರೆ ಕೈಗುಣಕ್ಕೆ ಅಂಕ ಹೋಗುತ್ತೆ ಅಂತ ಅವರೇ ಹೇಳಿದರು. ತಟ್ಟೆ ಕೆಳಗೆ ಸೀಮೆಸುಣ್ಣದ ಗುರುತು. ಎಂಟು ಮನೆಯವರೂ ಬಂದಿದ್ದರು, ಉಪ್ಸಾರು ಒಂದೇ.

ಗಂಡಸರೆಲ್ಲ ಬಿಸಿ ಮುದ್ದೆ ನುಂಗಿ ನಾಲ್ಕೂ ಚೆನ್ನ ಅಂದು ಎದ್ದರು. ಹೆಂಗಸರು ಒಂದೊಂದು ಮುದ್ದೆ ರಾತ್ರಿಗೆ ಮುಚ್ಚಿಟ್ಟು ಬೆಳಿಗ್ಗೆ ಮುರಿದು ನೋಡಿದರು. ಒಂದು ಬಿರುಕು ಬಿಟ್ಟು ಪುಡಿಯಾಯಿತು. ಎರಡು ಮೆತ್ತಗೆ ಉಳಿದವು, ಮಜ್ಜಿಗೆಗೆ ಹಾಕಿದರೆ ಕರಗಿದವು. ಗುರುತು ನೋಡಿದರೆ ಆ ಎರಡು ಜಿಪಿಯು-28, ಎಂಎಲ್-365. ಪುಡಿಯಾದದ್ದು ಯಾವುದು ಅಂತ ಈಗಲೇ ಬರೆಯಲ್ಲ. ಒಂದೇ ಸಲ ಮಾಡಿದ್ದು, ನೀರಿನ ಅಳತೆ ಅದಕ್ಕೆ ಬೇರೆ ಬೇಕಿತ್ತೇನೋ ಅಂತ ಅಮ್ಮನಿಗೆ ಅನುಮಾನ. ಇನ್ನೊಮ್ಮೆ ಮಾಡ್ತಾರಂತೆ.

ಕಾಲುವೆ ಕೊನೆ · ಏಪ್ರಿಲ್ 1

ಈ ಬೀಜ ನೀವು ಬೇರೆಯವರಿಗೆ ಕೊಡಬಹುದಾ? ಕಾನೂನು ಏನಾದರೂ ಅಡ್ಡ ಬರುತ್ತಾ?

ತಳಿಗಾರ · ಏಪ್ರಿಲ್ 1

ಕೊಡಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರೈತರು ತಮ್ಮ ಬೆಳೆಯ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಗುಳಿ ರಾಗಿ · ಏಪ್ರಿಲ್ 2

ಹಾಗಾದರೆ ನನಗೆ ಎಂಎಲ್-365 ಅರ್ಧ ಕೆಜಿ ಕಳಿಸಿ ಅಣ್ಣ. ಗುಳಿಯಲ್ಲಿ ತೆಂಡೆ ಎಷ್ಟು ಒಡೆಯುತ್ತೆ ನೋಡ್ತೇನೆ. ಬಸ್ ಪಾರ್ಸೆಲ್ ಖರ್ಚು ನನ್ನದು.

ಕೆಮ್ಮಣ್ಣು · ಏಪ್ರಿಲ್ 2

ಕಳಿಸ್ತೇನೆ. ಪಕ್ಕದಲ್ಲಿ ನಿಮ್ಮ ಹಳೇ ತಳಿ ಎರಡು ಕಡೆ ನಾಟಿ ಮಾಡ್ತೇನೆ ಅಂತ ಮಾತು ಕೊಟ್ಟರೆ ಮಾತ್ರ.